ಲೆಕ್ಕಕ್ಕೆ ಬಾರದ ಪದರ

ಹೋದ ವಾರ ಟೋಕಿಯೋದ ಕಾಂದಾ ಬಡಾವಣೆಯ ಸ್ಕೀ ಅಂಗಡಿಯೊಂದರಲ್ಲಿ ನೇತುಹಾಕಿದ್ದ ಜಾಕೆಟ್ಟಿನ ತೋಳನ್ನೆತ್ತಿ, ತುಟಿಗೆ ಒತ್ತಿಕೊಂಡು ಊದಿದೆ. ಜೊತೆಗಿದ್ದ ನಮ್ಮ ಆಫೀಸಿನ ಹೊಸ ಹುಡುಗಿ ಗಾಬರಿಯಿಂದ ಸುತ್ತ ನೋಡಿದಳು.

"ಅಕ್ಕಾ, ಏನ್ ಮಾಡ್ತಿದ್ದೀರಾ? ಸ್ಟಾಫ್ ನೋಡ್ತಿದ್ದಾರೆ."

"ಉಸಿರು ಆ ಕಡೆ ಬರುತ್ತಾ ಅಂತ ನೋಡ್ತಿದ್ದೀನಿ," ಎಂದೆ. ಬಟ್ಟೆಯ ಆಚೆ ಬದಿಗೆ ಹಿಡಿದ ಅಂಗೈಗೆ ಉಸಿರು ತಾಕುತ್ತಿತ್ತು. ಬೆಚ್ಚಗೆ, ತೆಳ್ಳಗೆ. ಸರಿಯಾದ ಜಾಕೆಟ್ಟೇ ಅದು. ಅಂಗಡಿಯ ಹೀಟರಿನ ಬಿಸಿಯಲ್ಲಿ ನಿಂತಿದ್ದರೂ ನನ್ನ ಬೆರಳು ಮರಗಟ್ಟಿದ ಹಾಗಾಯಿತು. ಜಾಕೆಟ್ಟನ್ನು ಅದರ ಜಾಗಕ್ಕೆ ಸಿಕ್ಕಿಸಿ, "ಒಂದ್ನಿಮಿಷ, ಬಂದೆ" ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತೆ.

ಹಾಗೆ ಊದುವುದು ನನ್ನ ಅಭ್ಯಾಸವಲ್ಲ. ನಮ್ಮ ಸರ್ ಅವರದು. ಅವರು ಮೈಸೂರಿಗೆ ಹೊರಟುಹೋದ ಮೇಲೂ ನನ್ನ ಬಾಯಲ್ಲಿ ಉಳಿದುಕೊಂಡಿದೆ.

ನಾನು ಟೋಕಿಯೋಗೆ ಬಂದಾಗ ಅವರು ನಮ್ಮ ಸಾಫ್ಟ್‌ವೇರ್ ಕಂಪನಿಯ ಟೆಸ್ಟಿಂಗ್ ತಂಡದ ಮುಖ್ಯಸ್ಥರು. ಐವತ್ತು ದಾಟಿದ ಮೈಸೂರಿನವರು. ಮಗಳ ಕಾಲೇಜಿಗೆಂದು ಹೆಂಡತಿ ಊರಿಗೆ ಮರಳಿದ್ದರಿಂದ ಓಜಿಮಾದ ಎತ್ತರದ ವಸತಿ ಕಟ್ಟಡವೊಂದರಲ್ಲಿ ಒಬ್ಬರೇ ಇದ್ದರು. ಅದೇ ಕಟ್ಟಡದಲ್ಲಿ ಅವರಿಗಿಂತ ಕೆಳಗಿನ ಮಹಡಿಯಲ್ಲಿ ನಾವು. ತೆಳ್ಳನೆಯ ದೇಹ, ಮೂಗಿನ ತುದಿಗೆ ಜಾರುವ ಕನ್ನಡಕ. ಬೇಸಿಗೆ ಚಳಿಗಾಲವೆನ್ನದೆ ಬಿಳಿ ಅಂಗಿ, ಅಂಗಿಯೊಳಗಿಂದ ಬೆನ್ನ ಮೇಲೆ ಎದ್ದು ಕಾಣುವ ಬನಿಯನ್ನಿನ ಗೆರೆ. ಪ್ರತಿ ಸಲ ಊರಿಂದ ಬರುವಾಗ ಪೆಟ್ಟಿಗೆಯಲ್ಲಿ ಸಾರಿನ ಪುಡಿಯ ಜೊತೆ ಒಂದು ಕಟ್ಟು ಹೊಸ ಬನಿಯನ್ ಬರುತ್ತಿತ್ತು. "ಜಪಾನಲ್ಲಿ ಎಲ್ಲಾ ಸಿಗುತ್ತಮ್ಮ, ಒಳ್ಳೇ ಬನಿಯನ್ ಒಂದು ಸಿಗಲ್ಲ" ಎಂಬುದು ಈ ದೇಶದ ಮೇಲೆ ಅವರಿಗಿದ್ದ ಏಕೈಕ ದೂರು.

ಅವರ ಬಾಯಲ್ಲಿ ಅತಿ ಹೆಚ್ಚು ಬರುತ್ತಿದ್ದ ಮಾತು "ಒಂದು ವೇಳೆ". ಎಲ್ಲರೂ ಕೆಲಸ ಮುಗಿಯಿತೆಂದು ಲ್ಯಾಪ್‌ಟಾಪ್ ಮುಚ್ಚುವ ಹೊತ್ತಿಗೆ ಅವರು ಕನ್ನಡಕ ಮೇಲೆ ತಳ್ಳಿ, "ಒಂದು ವೇಳೆ, ಹೆಸರು ಬರೆಯೋ ಜಾಗದಲ್ಲಿ ಏನೂ ಬರೀದೇ ಒತ್ತಿದ್ರೆ?" ಎನ್ನುತ್ತಿದ್ದರು. ಬೆಂಗಳೂರಿನ ಹುಡುಗರು ಫೋನಿನ ಆ ತುದಿಯಲ್ಲಿ ನರಳುವುದು ಕೇಳಿಸುತ್ತಿತ್ತು. "ಯಾರ್ ಸರ್ ಹಂಗ್ ಒತ್ತುತಾರೆ?" ಎಂದು ಒಬ್ಬ ರೇಗಿದ್ದಕ್ಕೆ ಅವರು ಶಾಂತವಾಗಿ, "ನಾನು ಒತ್ತಿದೆ," ಎಂದಿದ್ದರು. ನಿಜಕ್ಕೂ ಒತ್ತಿದ್ದರು, ಇಡೀ ಪುಟ ಬಿದ್ದುಹೋಗಿತ್ತು.

"ತಪ್ಪು ಇರೋದು ನಾವು ಪರೀಕ್ಷೆ ಮಾಡಿದ ಕಡೆ ಅಲ್ಲಮ್ಮ. ಇಲ್ಲಿ ಪರೀಕ್ಷೆ ಬೇಕಾಗಿಲ್ಲ ಅಂದ್ಕೊಂಡಿರ್ತೀವಲ್ಲ, ಅಲ್ಲಿ." ಇದನ್ನು ನನಗೆ ಎಷ್ಟು ಸಲ ಹೇಳಿದ್ದಾರೋ.

ಇಂಥ ಮನುಷ್ಯ ಹಿಮದ ಬೆಟ್ಟಕ್ಕೆ ಹೋಗುತ್ತಾರೆಂದರೆ ಯಾರೂ ನಂಬುತ್ತಿರಲಿಲ್ಲ. ಆ ಹುಚ್ಚು ಹಚ್ಚಿದವರು ನಮ್ಮ ಗ್ರಾಹಕ ಸಂಸ್ಥೆಯ ಸೈತೋ ಸಾನ್. ಅರವತ್ತರ ಹತ್ತಿರದ, ಮಾತು ಕಡಿಮೆಯ ಮನುಷ್ಯ; ಚಿಕ್ಕಂದಿನಿಂದ ಬೆಟ್ಟ ಹತ್ತಿದವರು. ಲಿಫ್ಟ್ ಇರುವ ಸ್ಕೀ ಜಾಗಗಳಿಗೆ ಅವರು ಹೋಗುತ್ತಿರಲಿಲ್ಲ. ಸ್ಕೀ ಹಲಗೆಯ ಅಡಿಗೆ ಹಿಂದಕ್ಕೆ ಜಾರದಂತೆ ಹಿಡಿಯುವ ಪಟ್ಟಿ ಅಂಟಿಸಿಕೊಂಡು, ಗಂಟೆಗಟ್ಟಲೆ ಕಾಡಿನ ನಡುವೆ ಹತ್ತಿ, ಮೇಲೆ ಪಟ್ಟಿ ಕಿತ್ತು ಜಾರಿಕೊಂಡು ಇಳಿಯುವ ಆಟ ಅವರದು. ಒಮ್ಮೆ ನಮ್ಮ ಸರ್ ಅವರನ್ನು ಕರೆದುಕೊಂಡು ಹೋದರು. ಇವರು ಮರಳಿ ಬಂದವರೇ, "ಅಲ್ಲಿ ಶಬ್ದಾನೇ ಇಲ್ಲ ಕಣಮ್ಮ. ನನ್ನ ತಲೆಯೊಳಗಿನ ಒಂದು-ವೇಳೆ ಕೂಡ ಸುಮ್ಮನಾಗ್ಬಿಡ್ತು," ಎಂದರು. ಅವರ ಮುಖದಲ್ಲಿ ಅಂಥ ನೆಮ್ಮದಿ ನಾನು ನೋಡಿರಲಿಲ್ಲ. ಸುಮಾರು ಮೂರು ಚಳಿಗಾಲದ ನಂತರ ನಾನೂ ಅವರ ಹಿಂದೆ ಬಿದ್ದೆ.

ಬಿದ್ದ ಮೇಲೆ ತಿಳಿದದ್ದು, ಒಂದು-ವೇಳೆಗಳು ಸುಮ್ಮನಾಗುವುದು ಬೆಟ್ಟದ ಮೇಲೆ ಮಾತ್ರ. ಅದಕ್ಕೆ ಮುಂಚಿನ ತಿಂಗಳುಗಳಲ್ಲಿ ಅವು ದುಪ್ಪಟ್ಟಾಗುತ್ತವೆ. ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ನಡುವಿನ ಜಾಕೆಟ್ಟಿನದು. ಮೈಗೆ ತಾಕುವ ಉಣ್ಣೆಯ ಒಳ ಅಂಗಿ ಒಂದು. ಗಾಳಿ ಹಿಮ ತಡೆಯುವ ಹೊರಗಿನ ಕೋಟು ಇನ್ನೊಂದು. ಇವೆರಡರ ನಡುವೆ ಯಾವುದು?

"ನಮ್ಮೋರು ಮಾಡೋ ತಪ್ಪೇನು ಗೊತ್ತಾ?" ಎಂದು ಅವರು ಕಾಂದಾದ ಅಂಗಡಿಗಳ ಬೀದಿಯಲ್ಲಿ ನಡೆಯುತ್ತ ಹೇಳುತ್ತಿದ್ದರು. "ಚಳಿ ಅಂದ ತಕ್ಷಣ ದಪ್ಪಗಿರೋದನ್ನ ಹುಡುಕ್ತೀವಿ. ಸ್ವೆಟರ್ ಮೇಲೆ ಸ್ವೆಟರ್, ಮಫ್ಲರ್, ಮಂಕಿ ಕ್ಯಾಪ್. ಬೆಟ್ಟ ಹತ್ತೋವಾಗ ಚಳಿ ಶತ್ರು ಅಲ್ಲ, ಬೆವರು ಶತ್ರು. ಹತ್ತೋವಾಗ ಬೆವರ್ತೀಯ, ನಿಂತ ಕೂಡ್ಲೇ ಆ ಬೆವರೇ ಮಂಜುಗಡ್ಡೆ ಆಗಿ ನಿನ್ನ ತಿನ್ನತ್ತೆ."

ಹಕ್ಕಿಯ ಪುಕ್ಕ ತುಂಬಿದ ಜಾಕೆಟ್ ಅವರಿಗೆ ಆಗದು. ನಿಂತಾಗ ಹೊದೆಯಲು ಸರಿ, ಬೆವರಿಗೆ ಒದ್ದೆಯಾದರೆ ಮುದ್ದೆಯಾಗುತ್ತದೆ. ಮೆತ್ತನೆಯ ಜುಂಗಿನ ಫ್ಲೀಸ್ ಬಟ್ಟೆಯೊಂದೇ ಆದರೆ ಉಸಿರಾಡುತ್ತದೆ, ಆದರೆ ಸ್ವಲ್ಪ ಗಾಳಿ ಬೀಸಿದರೂ ತೂತು ಬಿದ್ದ ಕೊಡೆಯಂತೆ. ಬೇಕಾದದ್ದು ಒಳಗೆ ತೆಳುವಾದ ಕೃತಕ ನೂಲಿನ ಹಾಸು, ಮೇಲೆ ಗಾಳಿಯಾಡುವ ಬಟ್ಟೆ ಇರುವ ಜಾಕೆಟ್. ಹತ್ತುವಾಗಲೂ ತೆಗೆಯಬೇಕಾಗಬಾರದು, ನಿಂತಾಗಲೂ ಕೈಬಿಡಬಾರದು.

ನಾನು ಬ್ರಿಡ್ಜ್ ಎಂಜಿನಿಯರ್. ಗ್ರಾಹಕರ ಮಾತನ್ನು ಬೆಂಗಳೂರಿಗೂ ಬೆಂಗಳೂರಿನ ಮಾತನ್ನು ಗ್ರಾಹಕರಿಗೂ ಮುಟ್ಟಿಸುವ ಕೆಲಸ. ಅವರು ಜಾಕೆಟ್ಟನ್ನು ನನಗೆ ವಿವರಿಸಿದ್ದು ಹೀಗೆ: "ಇದು ನಿನ್ನ ಕೆಲಸಾನೇ ಅಮ್ಮ. ಗ್ರಾಹಕರು ಬೈದಿದ್ದೆಲ್ಲ ಹಾಗೇ ಒಳಗೆ ಬಿಟ್ರೆ ಹುಡುಗರು ನಡುಗಿ ಸಾಯ್ತಾರೆ. ಒಳಗಿನ ಕಷ್ಟ ಹೊರಗೆ ಹೋಗದ ಹಾಗೆ ಪೂರ್ತಿ ತಡೆದ್ರೆ ಒಳಗೇ ಬೆಂದುಹೋಗ್ತಾರೆ. ಎಷ್ಟು ಬಿಡ್ಬೇಕು, ಎಷ್ಟು ತಡೀಬೇಕು, ಅದೇ ವಿದ್ಯೆ."

ಅಂಗಡಿಯಲ್ಲಿ ಊದಿ ನೋಡುವುದು ಮೊದಲ ಪರೀಕ್ಷೆ. ಎರಡನೆಯದಕ್ಕೆ ನಮ್ಮ ಕಟ್ಟಡದ ಮೆಟ್ಟಿಲು. ಅವರ ಬಳಿ ಇದ್ದ ಬೇರೆ ಬೇರೆ ಜಾಕೆಟ್ಟುಗಳನ್ನು ನನಗೆ ಸರದಿಯಾಗಿ ತೊಡಿಸಿ, ಬೆನ್ನಿಗೆ ಸೋನಾ ಮಸೂರಿಯ ಚೀಲ ಹೊರಿಸಿ, ಕೆಳಗಿಂದ ಕೊನೆಯ ಮಹಡಿಯವರೆಗೆ ಬೇಗ ಬೇಗ ಹತ್ತಿಸುತ್ತಿದ್ದರು. ಮೇಲೆ ಬಂದ ತಕ್ಷಣ ನದಿಯ ಕಡೆಯ ಗಾಳಿ ನೇರವಾಗಿ ಬಡಿಯುವ ತೆರೆದ ಮೊಗಸಾಲೆಯಲ್ಲಿ ನಿಲ್ಲಿಸುವುದು. "ಎಲ್ಲಿ ಮೊದ್ಲು ತಣ್ಣಗಾಯ್ತು? ಬೆನ್ನಾ, ಕಂಕುಳಾ, ಹೊಟ್ಟೆಯಾ?" ಎದುರು ಮನೆಯ ಬೆಂಗಳೂರಿನ ಗೃಹಿಣಿಯೊಬ್ಬರು ಒಮ್ಮೆ ಬಾಗಿಲು ತೆರೆದು, ಅಕ್ಕಿ ಚೀಲ ಹೊತ್ತು ಏದುಸಿರು ಬಿಡುತ್ತಿದ್ದ ನನ್ನನ್ನು ನೋಡಿ, "ಅಯ್ಯೋ, ಲಿಫ್ಟ್ ಕೆಟ್ಟೋಗಿದ್ಯಾ?" ಎಂದು ಕೇಳಿದರು. "ಇಲ್ಲ, ಇವರ ತಲೆ ಕೆಟ್ಟಿದೆ," ಎಂದೆ. ಸರ್ ಅತ್ತ ತಿರುಗಿ ನಗುತ್ತಿದ್ದರು.

ಬೆಟ್ಟ ಹತ್ತಲು ಹೊರಡುವ ಮುನ್ನ ಅವರದೊಂದು ಪ್ರಶ್ನೆ ಇತ್ತು: "ಚಳಿ ಆಗ್ತಿದೆಯಾ?" ಇದಕ್ಕೆ ಹೌದು ಎನ್ನುವುದೇ ಸರಿಯುತ್ತರ. ಕೆಳಗೆ ನಿಂತಾಗ ಸ್ವಲ್ಪ ಚಳಿಯಾಗುತ್ತಿದ್ದರೆ ತೊಟ್ಟದ್ದು ಸರಿಯಾಗಿದೆ, ಹತ್ತತೊಡಗಿದ ಮೇಲೆ ಹದವಾಗುತ್ತದೆ. "ಇಲ್ಲ, ಬೆಚ್ಚಗಿದೆ" ಎಂದರೆ ಒಂದು ಪದರ ತೆಗೆಸಿಯೇ ಬಿಡುತ್ತಿದ್ದರು. ಈ ಪ್ರಶ್ನೆ ಬಾಯಿಗೆ ಅಂಟಿ, ಲಿಫ್ಟಿನಲ್ಲಿ ಸಿಕ್ಕ ನನ್ನ ಮಗಳನ್ನೂ ಕೇಳುತ್ತಿದ್ದರು. ಇಲ್ಲಿಯೇ ಬೆಳೆದ ಅವಳಿಗೆ ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಜಪಾನಿ. "ಸಮುಯಿ!" ಎಂದು ಕೂಗುತ್ತಿದ್ದಳು, ಚಳಿ ಎಂದರ್ಥ. "ಹಾಂ, ಪಾಸ್," ಎಂದು ಅವರು ಅವಳ ಕೈಗೆ ಕೋಡುಬಳೆ ಕೊಡುತ್ತಿದ್ದರು. ಹೀಗಾಗಿ ನಮ್ಮ ಕಟ್ಟಡದ ಮಕ್ಕಳಿಗೆಲ್ಲ ಅವರು ಸಮುಯಿ ಅಂಕಲ್.

ಸಂಕೋಚದ ಮನುಷ್ಯ. ಯುವಕರೆಲ್ಲ ತಂಡವಾಗಿ ಬಿಸಿನೀರ ಬುಗ್ಗೆಯ ಸ್ನಾನಕ್ಕೆ ಹೋದರೆ ಅವರು ಹೊರಗೆ ಬೆಂಚಿನ ಮೇಲೆ ಬ್ಯಾಗು ಕಾಯುತ್ತ ಕೂರುತ್ತಿದ್ದರು. ಜಪಾನಿನ ಸ್ನಾನದ ಮನೆಯಲ್ಲಿ ನಾಲ್ಕು ಜನರೆದುರು ಬಟ್ಟೆ ಬಿಚ್ಚಬೇಕು. "ನಮ್ಮ ಮನೇಲೇ ನಾನು ಬನಿಯನ್ ಇಲ್ದೆ ನಡುಮನೆಗೆ ಬಂದೋನಲ್ಲ," ಎಂದಿದ್ದರು ಒಮ್ಮೆ. ಸೈತೋ ಸಾನ್ ಕರೆದರೆ "ಸುಮಿಮಾಸೆನ್, ನೆಗಡಿ" ಎಂದು ಕ್ಷಮೆ ಕೇಳುತ್ತಿದ್ದರು. ಅವರಿಗೆ ಎಷ್ಟು ವರ್ಷದಿಂದ ನೆಗಡಿ ಎಂದು ಸೈತೋ ಸಾನ್ ಯಾವತ್ತೂ ಕೇಳಲಿಲ್ಲ. ಅದು ಸೈತೋ ಸಾನ್ ಅವರ ಸಂಕೋಚ.

ಕಳೆದ ಫೆಬ್ರವರಿಯಲ್ಲಿ ನಾವು ಮೂವರು ನಾಗಾನೋ ಕಡೆಯ ಒಂದು ಬೆಟ್ಟಕ್ಕೆ ಹೋದೆವು. ಅಲ್ಲಿಂದ ಮುಂದಿನದೆಲ್ಲ ನನಗೆ ಬೇಡವೆಂದರೂ ನೆನಪಾಗುತ್ತದೆ. ರೈಲಿನಲ್ಲಿ ನಿಂತಿರುವಾಗ, ಪಾತ್ರೆ ತೊಳೆಯುವಾಗ, ಎಲ್ಲೋ ಜಿಪ್ ಎಳೆದ ಸದ್ದಾದರೂ ಸಾಕು.

ಬೆಳಿಗ್ಗೆ ಆಕಾಶ ಚೆನ್ನಾಗಿತ್ತು. ಬುಡದಲ್ಲಿ ನಿಂತು ಅವರು ಕೇಳಿದರು, "ಚಳಿ ಆಗ್ತಿದೆಯಾ?" "ಆಗ್ತಿದೆ ಸರ್." ಸೈತೋ ಸಾನ್ ಕೂಡ "ಸಮುಯಿ" ಎಂದು ತಲೆಯಾಡಿಸಿದರು. ಸರ್ ಒಬ್ಬೊಬ್ಬರ ಚೀಲದಲ್ಲೂ ಪ್ಲಾಸ್ಟಿಕ್ ಕವರಿನೊಳಗೆ ಒಂದು ಒಣ ಅಂಗಿ ಇದೆಯೇ ಎಂದು ಮುಟ್ಟಿ ನೋಡಿದರು. ಅದೂ ಅವರ ನಿಯಮವೇ. ತಾವು ತೊಟ್ಟಿದ್ದ ಬೂದುಬಣ್ಣದ ಜಾಕೆಟ್ಟಿನ ತೋಳನ್ನು ಒಮ್ಮೆ ಊದಿಕೊಂಡರು. ಎರಡು ವರ್ಷ ಹುಡುಕಿ, ಮೆಟ್ಟಿಲು ಹತ್ತಿ, ಕೊನೆಗೆ ಒಪ್ಪಿದ ಜಾಕೆಟ್ ಅದು.

ಅವರನ್ನು ಯಾರು ಕೇಳಬೇಕಿತ್ತು? ಕೇಳುವವರೇ ಅವರಲ್ಲವೇ.

ಹತ್ತುವಾಗ ಎಲ್ಲ ಸರಿಯಾಗಿಯೇ ಇತ್ತು. ಬಿಳಿ ತೊಗಟೆಯ ಮರಗಳು, ಸ್ಕೀ ಹಲಗೆ ಹಿಮದ ಮೇಲೆ ಸರಿಯುವ ಸದ್ದು. ನಡುವೆ ಒಂದು ಕಡೆ ನಿಂತು ಸರ್, ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯಲ್ಲಿ ಕೊಂಡ ಅನ್ನದ ಉಂಡೆಯನ್ನು ಬಿಡಿಸಿ, ಡಬ್ಬಿಯಿಂದ ಚಟ್ನಿಪುಡಿ ಉದುರಿಸಿ ಹಂಚಿದರು. ಸೈತೋ ಸಾನ್ ಕಣ್ಣಲ್ಲಿ ನೀರು ಬಂದರೂ "ಓಯಿಶೀ", ರುಚಿಯಾಗಿದೆ, ಎಂದು ತಿಂದರು. ಸರ್ ಹಣೆಯಲ್ಲಿ ಬೆವರಿತ್ತು. ಎಲ್ಲರ ಹಣೆಯಲ್ಲೂ ಇತ್ತು.

ಕಾಡು ಮುಗಿದು ಎರಡು ಶಿಖರಗಳ ನಡುವಿನ ಬಯಲಿಗೆ ಬಂದಾಗ ಗಾಳಿ ಎದ್ದಿತು. ಹೊರಗಿನ ಕೋಟು ಹಾಕಿಕೊಂಡೆವು. ಅಲ್ಲಿಯೇ ಸೈತೋ ಸಾನ್ ಅವರ ಸ್ಕೀ ಅಡಿಯ ಪಟ್ಟಿಯ ಅಂಟು ಹಿಮ ಸೇರಿ ಬಿಟ್ಟುಕೊಂಡಿತು. ಅವರು ಮಂಡಿಯೂರಿ, ಅಂಟು ಒರೆಸಿ, ಟೇಪ್ ಸುತ್ತತೊಡಗಿದರು. ಆ ಗಾಳಿಯಲ್ಲಿ ಟೇಪ್ ಕೈಗೇ ಸುತ್ತಿಕೊಳ್ಳುತ್ತಿತ್ತು. ನಾನು ಅವರಿಗೆ ಅಡ್ಡವಾಗಿ ನಿಂತೆ. ನಮ್ಮ ಸರ್ ಸ್ವಲ್ಪ ದೂರದಲ್ಲಿ, ಬೆನ್ನು ತಿರುಗಿಸಿ ನಿಂತಿದ್ದರು.

ಕೆಲಸ ಮುಗಿದು ತಿರುಗಿದರೆ ಅವರು ಕೈಗವಸು ಹಾಕಿಕೊಳ್ಳಲು ಹೆಣಗುತ್ತಿದ್ದರು. ಹೆಬ್ಬೆರಳು ಅದರ ಜಾಗಕ್ಕೆ ಹೋಗುತ್ತಿರಲಿಲ್ಲ. ದವಡೆ ನಡುಗುತ್ತಿತ್ತು.

"ಸರ್, ಆರಾಮಾಗಿದ್ದೀರಾ?"

"ಏನಿಲ್ಲಮ್ಮ. ನಡೀರಿ, ನಡೀರಿ. ನನ್ನಿಂದ ಲೇಟ್ ಆಗ್ಬಾರ್ದು."

ಸರ್ ಮುಖ ನೋಡಿ ಸೈತೋ ಸಾನ್ ನನ್ನನ್ನು ಕೇಳಿದರು, ಏನಂತೆ? ಪರವಾಗಿಲ್ಲವಂತೆ, "ದಾಯಿಜೋಬು" ಎಂದೆ. ಇದ್ದದ್ದನ್ನು ಇದ್ದ ಹಾಗೆ ದಾಟಿಸಿದೆ. ಸೈತೋ ಸಾನ್ ಎರಡನೆಯ ಸಲ ಕೇಳಲಿಲ್ಲ. ಇನ್ನೊಬ್ಬರನ್ನು ಒತ್ತಾಯಿಸುವುದು ಅವರ ರೀತಿಯಲ್ಲ.

ಸ್ವಲ್ಪ ದೂರ ಹೋಗಿರಬಹುದು. ಸರ್ ಒಮ್ಮೆ ಎಡವಿ, ಎದ್ದು, ಮತ್ತೆ ಎಡವಿದರು. ಏನೋ ಹೇಳಿದರು, ಮಾತು ನಾಲಿಗೆಗೆ ಅಂಟಿಕೊಂಡಂತೆ ಬಂತು. ಸೈತೋ ಸಾನ್ ಅವರೊಡನೆ ಯಾವಾಗಲೂ ಜಪಾನಿಯಲ್ಲಿ ಮಾತಾಡುವ ಮನುಷ್ಯ, ಆಗ ಅವರೊಡನೆಯೂ ಕನ್ನಡದಲ್ಲಿ ಮಾತಾಡುತ್ತಿದ್ದರು. ನಾನು ಹತ್ತಿರ ಹೋಗಿ ಕೋಟಿನ ಜಿಪ್ ಕತ್ತಿನ ಕೆಳಗೆ ಸ್ವಲ್ಪ ಎಳೆದು ಕೈಯಿಟ್ಟು ನೋಡಿದೆ. ಬೂದು ಜಾಕೆಟ್ ಬಹುಪಾಲು ಒಣಗಿಯೇ ಇತ್ತು. ಉಣ್ಣೆಯ ಅಂಗಿ ಸ್ವಲ್ಪ ತೇವ. ಅದರ ಒಳಗೆ, ಕತ್ತಿನ ಬಳಿ, ಬೆರಳಿಗೆ ತಣ್ಣನೆಯ ಒದ್ದೆ ಬಟ್ಟೆಯ ಅಂಚು ತಾಕಿತು. ಬಿಳಿ ಅಂಚು.

"ಸರ್, ಇದೇನು, ಬನಿಯನ್ನಾ?"

ಅವರು ತಲೆ ಬಗ್ಗಿಸಿ ತಮ್ಮ ಎದೆಯನ್ನು ತಾವೇ ನೋಡಿಕೊಂಡರು. ಆ ನೋಟ ನನ್ನ ಕಣ್ಣಿಂದ ಹೋಗುವುದಿಲ್ಲ. ಸಿಕ್ಕಿಬಿದ್ದವರ ನೋಟವಲ್ಲ ಅದು. ಅಲ್ಲೊಂದು ಬಟ್ಟೆ ಇದೆಯೆಂದು ಅವರಿಗೆ ಆಗ ಮೊದಲ ಸಲ ಗೊತ್ತಾದ ಹಾಗಿತ್ತು. ಮೊದಲ ಪದರ, ಎರಡನೇ ಪದರ, ಮೂರನೇ ಪದರ ಎಂದು ವರ್ಷಗಟ್ಟಲೆ ಎಣಿಸಿದವರು. ಎಣಿಕೆ ಶುರುವಾಗುವ ಮೊದಲೇ, ಸ್ನಾನದ ಮನೆಯಿಂದ ಹೊರಗೆ ಬರುವಾಗಲೇ, ಕೈ ತಾನಾಗಿ ತೊಡಿಸುವ ಹತ್ತಿಯ ಬನಿಯನ್ ಅವರ ಲೆಕ್ಕದಲ್ಲಿ ಬಟ್ಟೆಯೇ ಆಗಿರಲಿಲ್ಲ, ಚರ್ಮವಾಗಿತ್ತು. ಹಿಂದಿನ ಚಳಿಗಾಲಗಳಲ್ಲೂ ಅದು ಒಳಗೇ ಇದ್ದಿರಬೇಕು. ಆಗೆಲ್ಲ ಗಾಳಿಯಲ್ಲಿ ಇಷ್ಟು ಹೊತ್ತು ನಿಂತಿರಲಿಲ್ಲ, ಅಷ್ಟೆ. ಉಳಿದ ಪದರಗಳೆಲ್ಲ ಬೆವರನ್ನು ಹೊರಗೆ ಕಳಿಸಿದ್ದವು. ಅದೊಂದು ಮಾತ್ರ ಎಲ್ಲವನ್ನೂ ಹೀರಿಕೊಂಡು ಎದೆಗೂ ಬೆನ್ನಿಗೂ ಒದ್ದೆ ಬಟ್ಟೆಯ ಪಟ್ಟಿಯಂತೆ ಅಂಟಿಕೊಂಡು ಕೂತಿತ್ತು.

"ಬಿಚ್ಚಬೇಕು ಸರ್. ಒಣ ಅಂಗಿ ಇದೆಯಲ್ಲ ಚೀಲದಲ್ಲಿ."

"ಛೆ ಛೆ. ಇಲ್ಲೇನಾ? ನಿನ್ನೆದುರಿಗಾ? ಕೆಳಗೆ ಹೋದ್ಮೇಲೆ ನೋಡೋಣ."

"ಸರ್, ನಾನು ಆ ಕಡೆ ತಿರುಗ್ತೀನಿ."

"ಬೇಡಮ್ಮ. ಬೇಡ ಅಂದ್ನಲ್ಲ."

ಸೈತೋ ಸಾನ್ ಅಷ್ಟರಲ್ಲಿ ಚೀಲದಿಂದ ತೆಳುವಾದ ಕೆಂಪು ಗುಡಾರದ ಬಟ್ಟೆ ತೆಗೆದು ನಮ್ಮ ಮೂವರ ತಲೆಯ ಮೇಲೆ ಹೊದಿಸಿದ್ದರು. ಅಂಚುಗಳನ್ನು ಅಡಿಗೆ ಒತ್ತಿಕೊಂಡು ಮಂಡಿಗೆ ಮಂಡಿ ತಾಗಿಸಿ ಕೂತೆವು. ಒಳಗೆಲ್ಲ ಕೆಂಪು ಬೆಳಕು. ಹೊರಗೆ ಗಾಳಿ ಆ ಬಟ್ಟೆಯನ್ನು ಬಡಿಯುತ್ತಿತ್ತು. ಸೈತೋ ಸಾನ್ ಫ್ಲಾಸ್ಕಿನಿಂದ ಸಕ್ಕರೆ ಹಾಕಿದ ಬಿಸಿ ಚಹ ಬಗ್ಗಿಸಿ ಹಿಡಿದರು. ಲೋಟ ಸರ್ ಅವರ ಹಲ್ಲಿಗೆ ತಾಗಿ ಕಟಕಟ ಸದ್ದಾಯಿತು. ಸ್ವಲ್ಪ ಹೊತ್ತಿನಲ್ಲಿ ಆ ಸದ್ದು ನಿಂತಿತು. ಅವರು ಸಮಾಧಾನವಾಗಿ ಕೂತಿದ್ದರು. ಸೈತೋ ಸಾನ್ ನನ್ನನ್ನು ನೋಡಿದರು. ಸುಧಾರಿಸಿದರೇ ಎಂಬ ಪ್ರಶ್ನೆ ಅವರ ಮುಖದಲ್ಲಿತ್ತು. ನನಗೂ ಒಂದು ಗಳಿಗೆ ಹಾಗೇ ಅನ್ನಿಸಿತು.

ಯಾಕೆ ಕೇಳಿದೆನೋ ಗೊತ್ತಿಲ್ಲ. ಬಾಯಿಗೆ ಬಂತು. "ಸರ್, ಚಳಿ ಆಗ್ತಿದೆಯಾ?"

"ಇಲ್ಲ," ಎಂದರು. ಮೆಲ್ಲನೆ, ಒಳ್ಳೆಯ ಹುಡುಗನ ಹಾಗೆ. "ಇಲ್ಲಮ್ಮ. ಬೆಚ್ಚಗಿದೆ."

ಅದು ತಪ್ಪು ಉತ್ತರವೆಂದು ನನಗೆ ಕಲಿಸಿದವರು ಅವರೇ.

ಸೈತೋ ಸಾನ್ ಅವರ ಕಡೆ ತಿರುಗಿದೆ. ಸರ್ ಹೇಳಿದ್ದನ್ನು ಈ ಸಲ ಹಾಗೆಯೇ ದಾಟಿಸಲಿಲ್ಲ. ಇವರು ಬೆಚ್ಚಗಿದೆ ಅನ್ನುತ್ತಿದ್ದಾರೆ, ಅದು ಸುಳ್ಳು, ನಡುಕ ನಿಂತಿರುವುದು ಒಳ್ಳೆಯದಕ್ಕಲ್ಲ, ಮೈಗೆ ಅಂಟಿರುವ ಹತ್ತಿ ಬಟ್ಟೆಯನ್ನು ಈಗಲೇ ತೆಗೆಯಬೇಕು, ಅವರು ಬೇಡವೆಂದರೂ, ಎಂದೆ. ಸೈತೋ ಸಾನ್ ಅವರೊಡನೆ ಅಷ್ಟು ಒರಟಾಗಿ ನಾನು ಯಾವತ್ತೂ ಮಾತಾಡಿರಲಿಲ್ಲ. ಅವರು ಒಂದೇ ಸಲ "ಹಾಯ್", ಆಗಲಿ, ಎಂದು ಪ್ರಥಮ ಚಿಕಿತ್ಸೆಯ ಚೀಲದಿಂದ ಕತ್ತರಿ ತೆಗೆದರು.

"ಕ್ಷಮಿಸಿ ಸರ್," ಎಂದು ಜಿಪ್ ಎಳೆದು, ಜಾಕೆಟ್ಟನ್ನೂ ಉಣ್ಣೆಯ ಅಂಗಿಯನ್ನೂ ತೆಗೆದೆ. ಅವರು ಎರಡೂ ಕೈ ಎದೆಯ ಮೇಲೆ ಕಟ್ಟಿಕೊಂಡರು. ಶಕ್ತಿಯಿಲ್ಲದ ಕೈಗಳು; ಆದರೆ ಬನಿಯನ್ನಿನ ಅಂಚನ್ನು ಹಿಡಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು. "ಬೇಡ, ತಾಯಿ, ಬೇಡ," ಎನ್ನುತ್ತಿದ್ದರು. ಸೈತೋ ಸಾನ್ ಭುಜದ ಮೇಲೆ ಕತ್ತರಿಸಿದರು, ಪಕ್ಕದಲ್ಲಿ ಕತ್ತರಿಸಿದರು. ಒದ್ದೆ ಎದೆಗೆ ಅಂಟಿಕೊಂಡಿದ್ದ ಜನಿವಾರವನ್ನು ಬೆರಳಲ್ಲಿ ಎತ್ತಿ ಹಿಡಿದು ನನ್ನನ್ನು ನೋಡಿದರು. "ಕೊರೆ ಮೊ?" ಇದೂನಾ?

"ಬೇಡ, ಬೇಡ, ಅದಿರಲಿ!" ಎಂದು ಕನ್ನಡದಲ್ಲೇ ಕಿರುಚಿದೆ. ಸೈತೋ ಸಾನ್ ಅವರಿಗೆ ಅರ್ಥವಾಯಿತು. ಆ ಎಳೆಯನ್ನು ಮೆಲ್ಲನೆ ಮತ್ತೆ ಇದ್ದಲ್ಲಿಯೇ ಇಟ್ಟರು.

ಬನಿಯನ್ ಎಳೆದು ತೆಗೆದಾಗ ಅದರಿಂದ ನೀರು ತೊಟ್ಟಿಕ್ಕಿತು. ಒಣ ಅಂಗಿ ತೊಡಿಸಿದೆವು, ಅದರ ಮೇಲೆ ಬೂದು ಜಾಕೆಟ್, ಅದರ ಮೇಲೆ ಸೈತೋ ಸಾನ್ ಅವರ ದಪ್ಪ ಕೋಟು. ಕೊಂಬಿನಿಯಲ್ಲಿ ಸಿಗುವ ಶಾಖದ ಪೊಟ್ಟಣಗಳನ್ನು ಅಂಗಿಯ ಮೇಲಿಂದ ಕಂಕುಳಿಗೆ ಒತ್ತಿದೆವು. ಸೈತೋ ಸಾನ್ ಫೋನಿನಲ್ಲಿ ಸಹಾಯ ಕೇಳಿದರು. ಆಮೇಲೆ ಮಾಡಲು ಏನೂ ಉಳಿಯಲಿಲ್ಲ. ಕಾಯುವುದೊಂದೇ. ಸರ್ ಕೈ ನನ್ನ ಎರಡೂ ಕೈಗಳ ನಡುವೆ ಇತ್ತು. ಅದರಲ್ಲಿ ನಡುಕ ಮರಳಿ ಬರಲಿ ಎಂದು ನಾನು ದೇವರನ್ನು ಬೇಡುತ್ತಿದ್ದೆ. ಯಾವ ದೇವರು ಎಂದು ನೆನಪಿಲ್ಲ. ನಡುಗಲಿ, ದೇವರೇ, ಇವರು ನಡುಗಲಿ.

ಎಷ್ಟು ಹೊತ್ತಾಯಿತೋ. ಮೊದಲು ಕಿರುಬೆರಳು ಅದುರಿತು. ಆಮೇಲೆ ಮಣಿಕಟ್ಟು. ಆಮೇಲೆ ಇಡೀ ಮೈ ಜೋರಾಗಿ ನಡುಗತೊಡಗಿತು. ಕಣ್ಣು ತೆರೆದು ನನ್ನನ್ನು ಗುರುತಿಸಿದರು. "ಚಳಿ," ಎಂದರು. ನಾನು ಅತ್ತುಬಿಟ್ಟೆ.

ಕೆಳಗಿನಿಂದ ರಕ್ಷಣೆಯವರು ಹಿಮಬಂಡಿ ತಂದರು. ಒಂದೆರಡು ದಿನ ಆಸ್ಪತ್ರೆ. ಬೆರಳೂ ಸೇರಿ ಎಲ್ಲ ಉಳಿಯಿತು. ಅವರು ಉಳಿದರು.

ಆದರೆ ನನ್ನ ಪಾಲಿಗೆ ಆ ಬೆಟ್ಟದ ಮೇಲೆಯೇ ಕಳೆದುಹೋದರು. ಆಫೀಸಿಗೆ ಮರಳಿದ ದಿನ ಸೈತೋ ಸಾನ್ ಅವರಿಗೆ ದೊಡ್ಡ ಸಿಹಿತಿಂಡಿಯ ಪೆಟ್ಟಿಗೆ ತಂದು, ಸೊಂಟ ಬಗ್ಗಿಸಿ ನಮಸ್ಕರಿಸಿ ಧನ್ಯವಾದ ಹೇಳಿದರು. ನನ್ನ ಮೇಜಿನ ಬಳಿ ಬಂದು, ನನ್ನ ಹೆಗಲಿನಾಚೆ ಎಲ್ಲೋ ನೋಡುತ್ತ, "ತಮಗೂ ಬಹಳ ತೊಂದರೆ ಆಯ್ತು," ಎಂದರು. ತಮಗೆ! ನಾನು ಅವರಿಗೆ ಅಮ್ಮ ಆಗಿದ್ದವಳು. ಆಮೇಲೆ ಮೆಟ್ಟಿಲಲ್ಲಿ ಎದುರಾದರೆ ಫೋನ್ ಬಂದಂತೆ ಕಿವಿಗಿಟ್ಟುಕೊಂಡು ತಿರುಗಿ ಹೋಗುತ್ತಿದ್ದರು. ಲಿಫ್ಟಿನೊಳಗೆ ನನ್ನನ್ನು ಕಂಡರೆ ಮುಂದಿನದಕ್ಕೆ ಕಾಯುತ್ತಿದ್ದರು. ಕೋಪವಲ್ಲವೆಂದು ನನಗೆ ಗೊತ್ತಿತ್ತು. ನಡುಮನೆಗೂ ಬನಿಯನ್ ಇಲ್ಲದೆ ಬಾರದ ಮನುಷ್ಯ. ಅವರನ್ನು ನಾನು ಹಾಗೆ ನೋಡಿಬಿಟ್ಟಿದ್ದೆ. ಮಗಳು ಒಂದು ದಿನ ಕೇಳಿದಳು, "ಸಮುಯಿ ಅಂಕಲ್ ನನ್ನನ್ನ ಯಾಕೆ ಕೇಳಲ್ಲ ಈಗ?" ಆ ಮಾತನ್ನು ಅವಳು ಕನ್ನಡದಲ್ಲೇ ಕೇಳಿದಳು.

ನಾನೂ ಸರಿಯಿರಲಿಲ್ಲ. ಮಗಳ ಶಾಲೆಯ ಅಂಗಿ ಬೆವರಿಗೆ ಒದ್ದೆಯಾಗಿದ್ದರೆ ಬಾಗಿಲಲ್ಲೇ ಬಿಚ್ಚಿಸಿಬಿಡುತ್ತಿದ್ದೆ. ಒಂದು ವೇಳೆ ಗಾಳಿ ಇನ್ನಷ್ಟು ಇದ್ದಿದ್ದರೆ? ಒಂದು ವೇಳೆ ಆ ಪ್ರಶ್ನೆ ಬಾಯಿಗೆ ಬರದಿದ್ದರೆ? ಒಂದು ವೇಳೆ ಸೈತೋ ಸಾನ್ ಕತ್ತರಿ ತಂದಿರದಿದ್ದರೆ? ಅವರ ಮಾತು ಅವರನ್ನು ಬಿಟ್ಟು ನನ್ನ ತಲೆಗೆ ಬಂದು ಸೇರಿತ್ತು. ಇದನ್ನು ಹೇಳಿಕೊಳ್ಳಬಹುದಾದ ಒಬ್ಬರೇ ಮನುಷ್ಯ ನನ್ನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಜುಲೈ ಕೊನೆಗೆ ಅವರು ಕೆಲಸ ಬಿಟ್ಟು ಊರಿಗೆ ಹೊರಟರು. ಸ್ವಯಂ ನಿವೃತ್ತಿ. ಓಜಿಮಾದ ನಮ್ಮ ಕಟ್ಟಡದ ಕೆಳಗಿನ ಸಭಾಕೋಣೆಯಲ್ಲಿ ಎಲ್ಲರೂ ಸೇರಿ ಒಂದು ಊಟ ಇಟ್ಟುಕೊಂಡೆವು. ಬಿಸಿಬೇಳೆಭಾತು, ಮೊಸರನ್ನ, ಯಾರೋ ಮಾಡಿ ತಂದ ಹೋಳಿಗೆ. ಟೋಕಿಯೋದ ಬೇಸಿಗೆ, ಏಸಿ ಇದ್ದರೂ ಉಸಿರು ಕಟ್ಟುವ ಸೆಕೆ. ಸೈತೋ ಸಾನ್ ಚಟ್ನಿಪುಡಿಯನ್ನು ಅನ್ನದ ಮೇಲೆ ತಾವೇ ಉದುರಿಸಿಕೊಂಡು ಕಣ್ಣೊರೆಸಿಕೊಳ್ಳುತ್ತ ತಿನ್ನುತ್ತಿದ್ದರು.

ನಮ್ಮ ಸರ್ ಹಠ ಹಿಡಿದು ತಾವೇ ಹೋಳಿಗೆ ಬಡಿಸುತ್ತಿದ್ದರು. ನನ್ನ ಎಲೆಯ ಬಳಿ ಬಂದಾಗ ಎಂದಿನಂತೆ ಎಲೆಯನ್ನು ನೋಡಿಯೇ ಬಡಿಸಿ ಮುಂದೆ ಹೋದರು. ಬೆನ್ನು ನನ್ನ ಕಡೆಗಿತ್ತು. ಬಿಳಿ ಅಂಗಿ ಬೆವರಿಗೆ ಬೆನ್ನಿಗಂಟಿ ಒಳಗಿನ ಮೈ ಕಾಣುತ್ತಿತ್ತು. ಭುಜದ ಮೇಲೆ, ಕಂಕುಳ ಪಕ್ಕದಲ್ಲಿ, ಅಷ್ಟು ವರ್ಷ ನೋಡಿದ ಆ ಗೆರೆ ಇರಲಿಲ್ಲ. ಬನಿಯನ್ ಹಾಕಿರಲಿಲ್ಲ.

ನನಗೆ ಏನಾಯಿತೋ, ತುತ್ತು ಕೈಯಲ್ಲೇ ಇತ್ತು, ಹೇಳಿಬಿಟ್ಟೆ.

"ಸರ್, ಬೇಸಿಗೇಲಿ ಹಾಕ್ಕೋಬಹುದು."

ಅವರು ನಿಂತರು. ಕತ್ತು, ಕಿವಿ ಕೆಂಪಾದವು. ಹೋಳಿಗೆಯ ತಟ್ಟೆ ಹಿಡಿದುಕೊಂಡೇ ನಿಧಾನವಾಗಿ ತಿರುಗಿ, ಅಷ್ಟು ತಿಂಗಳ ಮೇಲೆ ನನ್ನ ಮುಖ ನೋಡಿದರು. ಕನ್ನಡಕ ಮೂಗಿನ ತುದಿಗೆ ಜಾರಿತ್ತು.

"ಅಭ್ಯಾಸ ತಪ್ಪಿಸ್ಕೋತಿದ್ದೀನಮ್ಮ," ಎಂದರು.

"ಅಯ್ಯೋ ಸರ್, ಮೈಸೂರಲ್ಲಿ ಎಲ್ಲಿಂದ ಬರಬೇಕು ಹಿಮದ ಬೆಟ್ಟ?"

ಅವರು ಕನ್ನಡಕವನ್ನು ಮೇಲಕ್ಕೆ ತಳ್ಳಿಕೊಂಡರು. ಇನ್ನೊಂದು ಹೋಳಿಗೆಯನ್ನು ನಾನು ಬೇಡವೆನ್ನುವ ಮೊದಲೇ ನನ್ನ ಎಲೆಗೆ ಹಾಕಿ, "ಒಂದು ವೇಳೆ," ಎಂದರು.